ಎಲ್ಲೂ ಎಡವದ ಓದು

ಫೆಬ್ರವರಿ 4

ಪ್ರೀತಿಯ ಅತ್ತೆ,

ಇವತ್ತು ಬೆಳಿಗ್ಗೆ ನೀವು ಹೊಲಿದು ಕಳಿಸಿದ ಹಸಿರು ಅಂಗಿಯ ಗುಂಡಿಯೊಂದು ತಾನಾಗಿಯೇ ಅಲುಗಿತು. ಕುರ್ಚಿಗೆ ಒರಗಿ, ಕಾಲು ಚಾಚಿ, ಚಹಾ ಆರಲಿ ಎಂದು ಕಾಯುತ್ತಿದ್ದೆ. ಹೊಟ್ಟೆಯ ಮೇಲಿನ ಗುಂಡಿ ಮೆಲ್ಲಗೆ ಎದ್ದು, ಪಕ್ಕಕ್ಕೆ ವಾಲಿ, ಮತ್ತೆ ಕೂತುಕೊಂಡಿತು. ಯಾರೋ ಒಳಗಿನಿಂದ ಬಾಗಿಲನ್ನು ಅರ್ಧ ತೆರೆದು, ಹೊರಗೆ ಯಾರಿದ್ದಾರೆಂದು ಇಣುಕಿ, ಬೇಡ ಎಂದು ಮುಚ್ಚಿಕೊಂಡ ಹಾಗೆ. ಒದೆತ ಒಳಗಿನಿಂದ ಗೊತ್ತಿತ್ತು. ಕಣ್ಣಾರೆ ಕಂಡದ್ದು ಇದೇ ಮೊದಲು. ಚಹಾ ಆರಿ ತಣ್ಣಗಾಗುವವರೆಗೂ ಗುಂಡಿಯನ್ನೇ ನೋಡುತ್ತ ಕೂತೆ.

“ನಾನು ಇಲ್ಲಿ ಕ್ಷೇಮ” ಎಂದು ಶುರು ಮಾಡಿಲ್ಲ, ಗಮನಿಸಿ. ಹಾಗೆ ಬರೆದದ್ದಕ್ಕೆ ಹಿಂದಿನ ಸಲ ನೀವು ಬೈದದ್ದು ನೆನಪಿದೆ: “ಕ್ಷೇಮ ಅಂದ ಮೇಲೆ ಓದೋದು ಏನಿದೆ? ಅಲ್ಲಿಗೇ ಕಾಗದ ಮುಗೀತು.” ಫೋನಿನಲ್ಲಿ ನನ್ನ ಬಾಯಿಂದ “ಹೂಂ ಅತ್ತೆ” ಬಿಟ್ಟು ಬೇರೇನೂ ಹೊರಡುವುದಿಲ್ಲವೆಂದು ಈ ಕಾಗದದ ವ್ಯವಹಾರ ಶುರು ಮಾಡಿದವರೇ ನೀವು. ಆದ್ದರಿಂದ ಇದರಲ್ಲಾದರೂ ನಿಜ ಹೇಳಬೇಕು.

ನನಗೆ ಭಯವಾಗುತ್ತಿದೆ. ಮಗು ಮಿಸುಕಿದಾಗ ಸಂತೋಷ, ಸರಿ. ಆಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಕೈ ತಾನಾಗಿ ಹೊಟ್ಟೆಗೆ ಹೋಗುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕೆಲಸದಲ್ಲಿ. ಏಳನೇ ತಿಂಗಳು ಬಿದ್ದ ಮೇಲೆ ಎರಡು ಸಲ ಆಸ್ಪತ್ರೆಗೆ ಓಡಿದ್ದೇನೆ. ಎರಡು ಸಲವೂ ಎದೆಬಡಿತ ಕೇಳುವ ಯಂತ್ರ ಹೊಟ್ಟೆಗೆ ತಾಗಿಸಿದ ಕೂಡಲೇ ಒಳಗಿನ ಮಹಾಶಯರು ಎದ್ದು ಕುಣಿದರು. ಎರಡನೇ ಸಲ ಬಾಗಿಲ ಬಳಿಯ ಮೇಜಿನ ನರ್ಸು ನನ್ನನ್ನು ನೋಡಿ “ಮತ್ತೆ ಬಂದ್ರಾ?” ಎಂದು ನಕ್ಕರು. ನಾನು ತಲೆ ತಗ್ಗಿಸಿ ಹೊರಟುಬಂದೆ. ಆ ನಗು ಮನೆಯವರೆಗೂ ನನ್ನ ಹಿಂದೆಯೇ ನಡೆದು ಬಂತು.

ನಿಮ್ಮ ಮಗ ಸಮುದ್ರದ ತಳಕ್ಕೆ ತಂತಿ ಹಾಸುವ ಹಡಗಿನಲ್ಲಿ ಕೂತು ವಾರಕ್ಕೊಮ್ಮೆ ಮಾತಾಡುತ್ತಾರೆ. ಅದೂ ಅರ್ಧ ಗಾಳಿ, ಅರ್ಧ ಮಾತು. ಅವರಿಗೆ ಹೇಳಿದರೆ, “ಸುಮ್ನಿರೇ, ನಿನ್ನ ಹಾಗೇ ಮಾತು ಕಮ್ಮಿ ಇರಬೇಕು” ಅನ್ನುತ್ತಾರೆ.

ನೀವು ಹೇಳಿ. ಸದ್ದಿಲ್ಲ ಅನ್ನಿಸಿದಾಗ ಹೋಗಲಾ, ಕಾಯಲಾ? ನೀವು ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ ಸೊಸೆ


ಫೆಬ್ರವರಿ 11

ನನ್ನ ಪಿಸುಮಾತೇ,

ಗುಂಡಿ ಕಥೆ ಓದಿ ಬಸ್ ಡಿಪೋದಲ್ಲಿ ಎಲ್ಲರಿಗೂ ಹೇಳಿದೆ. ಪಕ್ಕದ ಮಿಷನ್ನಿನವಳು, “ಅಕ್ಕ, ಗುಂಡಿ ಗಟ್ಟಿಯಾಗಿ ಹಾಕಿಲ್ಲ ನೀವು, ಅದಕ್ಕೇ ಅಲುಗಿದ್ದು” ಅಂದಳು. ನನ್ನ ಹೊಲಿಗೆ ಮೇಲೆ ಈ ಊರಿನ ಅರ್ಧ ಜನ ದಿನಾ ಕೂತು ಓಡಾಡ್ತಾರೆ, ಒಂದು ಬಸ್ಸಿನ ಸೀಟೂ ಬಾಯಿ ಬಿಟ್ಟಿಲ್ಲ. ಗುಂಡಿ ಬಿಡುತ್ತಾ?

ಭಯ ಅಂದೆ. ಭಯ ಇಲ್ಲದೆ ಬಸುರಿ ಆದೋರು ಯಾರಿದಾರೆ ಹೇಳು. ನಿನ್ನ ಗಂಡ ಹೊಟ್ಟೇಲಿದ್ದಾಗ ನಾನು ಬೆಳಿಗ್ಗೆಯಿಂದ ಮಿಷನ್ ತುಳೀತಿದ್ದೆ. ತುಳಿಯೋವಷ್ಟು ಹೊತ್ತೂ ಇವನು ಗಪ್‌ಚಿಪ್. ಕಲ್ಲಿನ ಹಾಗೆ. ನಾನು ಹೆದರಿ ಅರ್ಧ ಜೀವ ಆದೆ. ಆಮೇಲೆ ಗೊತ್ತಾಯ್ತು, ಸಾಹೇಬರಿಗೆ ಮಿಷನ್ ಸದ್ದೇ ಜೋಗುಳ ಅಂತ. ಈಗಲೂ ನೋಡು, ಎಲ್ಲಾದ್ರೂ ಮೋಟರ್ ಓಡ್ತಾ ಇದ್ದರೆ ಗೊರಕೆ ಹೊಡೀತಾನೆ. ಹಡಗಿಗೆ ಸೇರಿದ್ದೇ ಅದಕ್ಕೆ ಅಂತ ನನ್ನ ಅನುಮಾನ. ನಿನ್ನ ಕೂಸಿಗೂ ಕೆಲಸದಲ್ಲಿ ನೀನು ಓದೋ ದನಿ ಕೇಳಿ ನಿದ್ದೆ ಹತ್ತಿರಬಹುದು. ಯಾರಿಗೆ ಗೊತ್ತು.

ಸಂಶಯ ಬಂದ್ರೆ ಹೋಗು. ಸುಮ್ಸುಮ್ನೆ ಹೆದರಬೇಡ. ಎರಡೂ ನೆನಪಿಟ್ಟುಕೋ.

ಮುಂದಿನ ತಿಂಗಳ ಮೊದಲ ವಾರ ನಾನೇ ಬರ್ತೀನಿ. ಆಮೇಲೆ ಕೂಸು ಬರೋವರೆಗೂ ಅಲ್ಲೇ. ನಿನ್ನ ಹೂಂ ಹೂಂ ಎಷ್ಟು ದಿನ ನಡೆಯುತ್ತೆ ನೋಡೇಬಿಡೋಣ.

ಅತ್ತೆ


ಫೆಬ್ರವರಿ 20

ಪ್ರೀತಿಯ ಅತ್ತೆ,

ನೀವು ಬರುತ್ತೀರೆಂದು ಓದಿ, ಕಿಟಕಿಯ ಪಕ್ಕದ ಮಂಚವನ್ನು ಗೋಡೆಯಿಂದ ಎಳೆದು ಹಿಂದೆಲ್ಲ ಗುಡಿಸಿದೆ. ನಿಮ್ಮ ಮಗ ಕಳೆದುಕೊಂಡಿದ್ದೇನೆಂದು ಮನೆಯೆಲ್ಲ ತಲೆಕೆಳಗು ಮಾಡಿದ್ದ ಕೈಗಡಿಯಾರ ಅಲ್ಲಿ ಸಿಕ್ಕಿತು. ಇನ್ನೂ ಓಡುತ್ತಿದೆ.

ಇಲ್ಲಿ ಒಂದು ತಮಾಷೆಯಾಗಿದೆ. ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿ ಮುದ್ರಿಸುವುದು. ನಾನು ಸ್ಪಂಜು ಬಡಿದ ಗೋಡೆಗಳ ಪುಟ್ಟ ಕೋಣೆಯಲ್ಲಿ ಓದುತ್ತೇನೆ. ಗಾಜಿನ ಆಚೆ ಸೌಂಡಿನವರು ಕೂತು ಕೇಳಿಸಿಕೊಳ್ಳುತ್ತಾರೆ. ಅವರಿಗೆ ನಾನು ಮನಸ್ಸಿನಲ್ಲೇ ಕಿವಿಯಪ್ಪ ಎಂದು ಹೆಸರಿಟ್ಟಿದ್ದೇನೆ. ಮದುವೆಯಾಗಿಲ್ಲ. ತಂತಿಗಳನ್ನೇ ಸಾಕಿಕೊಂಡಿದ್ದಾರೆ. ಈಗ ನಾನು ಓದುತ್ತಿರುವುದು ಸೇತುವೆಗಳ ಚರಿತ್ರೆಯ ಒಂದು ದಪ್ಪ ಪುಸ್ತಕ.

ಮೊನ್ನೆ ಕಿವಿಯಪ್ಪ ನನ್ನನ್ನು ಗಾಜಿನ ಆಚೆಗೆ ಕರೆದು, “ಇಲ್ಲಿ ಕೇಳಿ” ಎಂದು ನನ್ನದೇ ಓದನ್ನು ಹಾಕಿದರು. “ಪುಟದ ಸದ್ದಲ್ಲ, ಕುರ್ಚಿ ಸದ್ದಲ್ಲ. ನಿಮ್ಮ ಉಸಿರು ಎಡವುತ್ತೆ. ಮೂರು ಸಾಲು ನೆಟ್ಟಗೆ ನಡೀತೀರ, ಆಮೇಲೆ ಕಲ್ಲು ಸಿಕ್ಕಿದ ಹಾಗೆ ಎಡವ್ತೀರ. ಇಲ್ಲಿ. ಮತ್ತೆ ಇಲ್ಲಿ.”

“ಹೂಂ.”

“ನೀರು ಕುಡೀತೀರ ತಾನೆ?”

“ಹೂಂ.”

“ನಿದ್ದೆ?”

“ಹೂಂ.”

ಅದು ಏನೆಂದು ನನಗೆ ಕೇಳಿದ ಕೂಡಲೇ ಗೊತ್ತಾಯಿತು. ಮಗು ಒದ್ದಾಗಲೆಲ್ಲ ನನ್ನ ಉಸಿರು ಒಂದು ಚೂರು ಮೇಲಕ್ಕೆ ಹಾರುತ್ತದೆ. ಕಮಾನು ಸೇತುವೆಗಳ ಅಧ್ಯಾಯದಲ್ಲಿ ಹೆಚ್ಚು, ತೂಗು ಸೇತುವೆಗಳಲ್ಲಿ ಇನ್ನೂ ಹೆಚ್ಚು. ಆದರೆ ಒಬ್ಬ ಗಂಡಸಿನ ಮುಂದೆ, ಅದೂ ಕಿವಿಯಪ್ಪನಂಥವರ ಮುಂದೆ, ಇದನ್ನು ಹೇಗೆ ಹೇಳುವುದು? ಅವರು ಎಡವಿದ ಜಾಗಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯುತ್ತಿದ್ದಾರೆ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ನಾನು ಸುಮ್ಮನೆ ಕೂತು ನೋಡುತ್ತೇನೆ.

ಯಾವ ದಿನ ಬರುತ್ತೀರಿ? ನಿಲ್ದಾಣಕ್ಕೆ ಬರುತ್ತೇನೆ.

ನಿಮ್ಮ ಪಿಸುಮಾತು


ಮಾರ್ಚ್ 1

ಮಗಳೇ,

ಈ ವಾರ ಬರೋಕಾಗಲ್ಲ. ಡಿಪೋದಲ್ಲಿ ಕೆಲಸ ಜಾಸ್ತಿ. ಹೊಸ ಬಸ್ಸುಗಳು ಬಂದಿವೆ, ಸೀಟು ಆಗಬೇಕು. ತಿಂಗಳ ಕೊನೆಗೆ ನೋಡೋಣ. ನೀನು ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತೆ


ಮಾರ್ಚ್ 9

ಗೌರವಾನ್ವಿತ ಅತ್ತೆಯವರಿಗೆ,

ನಾನು ಇಲ್ಲಿ ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ.

ಡಿಪೋದ ಕೆಲಸದ ನಡುವೆ ನನಗಾಗಿ ಬರುವುದು ಕಷ್ಟವೆಂದು ಅರ್ಥವಾಗುತ್ತದೆ. ನೀವು ತೊಂದರೆ ತೆಗೆದುಕೊಳ್ಳಬೇಡಿ. ಹಿಂದಿನ ಕಾಗದಗಳಲ್ಲಿ ನಾನು ಮಗುವಿನ ಹಾಗೆ ಹಟ ಮಾಡಿದೆನೇನೋ ಎಂದು ಈಗ ನಾಚಿಕೆಯಾಗುತ್ತಿದೆ. ನಿಮ್ಮ ಅಕ್ಷರ ನೋಡಿದರೇ ತಿಳಿಯಿತು, ತುಂಬ ಅವಸರದಲ್ಲಿ ಬರೆದಿದ್ದೀರಿ. ಸಾಲುಗಳೆಲ್ಲ ಕೆಳಗೆ ಜಾರಿದ್ದವು.

ಇಲ್ಲಿ ಎಲ್ಲ ಚೆನ್ನಾಗಿದೆ. ಪುಸ್ತಕ ಮುಕ್ಕಾಲು ಮುಗಿಯಿತು. ಕಿವಿಯಪ್ಪನವರಿಗೆ ಬಹಳ ಸಂತೋಷ. ಒಂದು ವಾರದಿಂದ ನನ್ನ ಓದು ಎಲ್ಲೂ ಎಡವುತ್ತಿಲ್ಲವಂತೆ. “ಹಾಲಿನ ಹಾಗೆ ಇದೆ, ಕತ್ತರಿಗೆ ಕೆಲಸವೇ ಇಲ್ಲ” ಎಂದರು. ಈ ಕೆಲಸಕ್ಕೆ ಸೇರಿ ಮೂರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು. ನೀವು ಹೇಳಿದ್ದು ನಿಜವಾಯಿತು. ನಿಮ್ಮ ಮಗ ಮಿಷನ್ನಿನ ಸದ್ದಿಗೆ ಸುಮ್ಮನಾಗುತ್ತಿದ್ದ ಹಾಗೆ ಇದೂ ಓದಿಗೆ ಸುಮ್ಮನಾಗುವುದನ್ನು ಕಲಿತಿದೆ. ಕೇಳಿಸಿಕೊಳ್ಳುತ್ತದೆ ಎಂದು ಕಾಣುತ್ತದೆ. ಕೇಳುವ ಮಗು. ಒಳ್ಳೆಯದಲ್ಲವೇ?

ಆಸ್ಪತ್ರೆಗೆ ಮತ್ತೆ ಹೋಗಿಲ್ಲ. ಸುಮ್ಮನೆ ಅವರಿಗೆ ತೊಂದರೆ ಏಕೆ.

ಇಂತು ನಿಮ್ಮ ವಿಧೇಯ ಸೊಸೆ


ಮಾರ್ಚ್ 13

ಏ ಹುಡುಗಿ,

ಇದು ನನ್ನ ಅಕ್ಷರ ಅಲ್ಲ. ಬರೀತಿರೋರು ಪಕ್ಕದ ಹಾಸಿಗೆಯ ಟೀಚರಮ್ಮ. ನಾನು ಹೇಳ್ತೀನಿ, ಅವರು ಬರೀತಾರೆ. ಎಲ್ಲಿ, ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ನಿನ್ನ ವಿಷಯ.

ನಿನ್ನ ಕಾಗದ ಇವತ್ತು ಬೆಳಿಗ್ಗೆ ಪಕ್ಕದ ಮಿಷನ್ನಿನವಳು ತಂದುಕೊಟ್ಟಳು. ಟೀಚರಮ್ಮ ಗಟ್ಟಿಯಾಗಿ ಓದಿದರು. “ನಾನು ಇಲ್ಲಿ ಕ್ಷೇಮ” ಅಂದಾಗಲೇ ಅವರ ಕೈ ಹಿಡಿದೆ. ನಿಲ್ಲಿಸಿ, ಸರಿಯಾದ ಕಾಗದ ತಾನೆ ಅಂದೆ. ಗೌರವಾನ್ವಿತ ಅತ್ತೆಯಂತೆ. ವಿಧೇಯ ಸೊಸೆಯಂತೆ. ಯಾವ ಕಚೇರಿಗೆ ಅರ್ಜಿ ಹಾಕಿದೀಯ?

ಕೂಸು ಕೇಳಿಸಿಕೊಳ್ಳುತ್ತೆ ಅಂದೆಯಲ್ಲ, ಆ ಸಾಲು ಎರಡು ಸಲ ಓದಿಸಿದೆ. ಮಗಳೇ, ಮಿಷನ್ ಕಥೆ ನಾನು ಅರ್ಧ ಹೇಳಿದ್ದೆ. ನಿನ್ನನ್ನ ನಗಿಸೋಕೆ ಹೇಳಿದ್ದು, ಅದಕ್ಕೇ ಅರ್ಧಕ್ಕೆ ನಿಲ್ಲಿಸಿದೆ. ಇನ್ನರ್ಧ ಕೇಳು. ನಾನು ಕಾಲು ತೆಗೆದ ಕೂಡಲೇ, ಮಿಷನ್ ನಿಂತ ಕೂಡಲೇ, ಒಳಗಿಂದ ಒದೆ. ಯಾಕೆ ನಿಲ್ಲಿಸಿದೆ ಅಂತ ಜಗಳ. ಊಟಕ್ಕೆ ಎದ್ದರೆ ಒದೆ, ದಾರ ಪೋಣಿಸೋಕೆ ನಿಂತರೆ ಒದೆ. ಆ ಒದೆಯ ಧೈರ್ಯದ ಮೇಲೆ ನಾನು ಮತ್ತೆ ತುಳೀತಿದ್ದೆ. ಒಂದು ದಿನ ಅದು ತಪ್ಪಿದ್ದರೂ ಮಿಷನ್ ಬಿಟ್ಟು ಓಡ್ತಿದ್ದೆ.

ನೀನು ಪುಸ್ತಕ ಮುಚ್ಚಿದ ಮೇಲೆ ಏನಾಗುತ್ತೆ? ಅದರ ಬಗ್ಗೆ ಒಂದು ಅಕ್ಷರ ಬರೆದಿಲ್ಲ ನೀನು.

ನನ್ನ ಫೋನು ಮನೇಲೇ ಉಳೀತು, ಟೀಚರಮ್ಮನ ಫೋನಿಂದ ಮೂರು ಸಲ ಮಾಡಿಸಿದೆ. ಗೊತ್ತಿಲ್ಲದ ನಂಬರು ನೀನು ಎತ್ತಲ್ಲ, ಗೊತ್ತು. ಮತ್ತೆ ಮಾಡಿಸ್ತೀನಿ. ಈ ಕಾಗದ ಯಾವಾಗ ಸೇರುತ್ತೋ. ಸೇರಿದ ಕೂಡಲೇ, ಓದಿ ಮುಗಿಸೋಕೂ ಕಾಯಬೇಡ. ಹೋಗು.

(ಬರೆದವರ ಒಂದು ಮಾತು: ನಾನು ಮೂವತ್ತು ವರ್ಷ ಭೂಗೋಳ ಕಲಿಸಿದವಳು. ನಿಮ್ಮ ಅತ್ತೆ ಈ ಕಾಗದ ಹೇಳಿ ಬರೆಸುವಾಗ ನಾಲ್ಕು ಸಲ ಹಾಸಿಗೆಯಿಂದ ಎದ್ದು, ಚಪ್ಪಲಿ ಎಲ್ಲಿ ಎಂದು ಕೇಳಿದರು. ಅವರು ಎದ್ದು ಓಡಾಡುವಂತಿಲ್ಲ. ದಯವಿಟ್ಟು ಫೋನು ಎತ್ತಿ.)


ಮಾರ್ಚ್ 14

ಪ್ರೀತಿಯ ಅತ್ತೆ,

ನಿನ್ನೆ ಸಂಜೆ ಫೋನಿನಲ್ಲಿ ನಿಮಗೆ ಹೇಳಿದ್ದೇನೆ, ಮಗು ಇದೆ, ನಾನಿದ್ದೇನೆ ಎಂದು. ಮಿಕ್ಕದ್ದಕ್ಕೆಲ್ಲ ಮತ್ತೆ ಹೂಂ ಅಂದೆ. ಆದ್ದರಿಂದ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಕಿವಿಯಪ್ಪ ಬಹಳ ಉತ್ಸಾಹದಲ್ಲಿದ್ದರು. “ಬನ್ನಿ, ಒಂದು ತೋರಿಸ್ತೀನಿ. ನಿಮಗೇ ಆಶ್ಚರ್ಯ ಆಗುತ್ತೆ” ಎಂದು ನನ್ನ ಕಿವಿಗೆ ಹೆಡ್‌ಫೋನು ಹಾಕಿದರು. ಮೊದಲು ಫೆಬ್ರವರಿಯದು, ಕತ್ತರಿಸುವುದಕ್ಕೆ ಮುಂಚಿನದು. ತೂಗು ಸೇತುವೆಯ ಹಗ್ಗಗಳ ಬಗ್ಗೆ ನಾನು ಓದುತ್ತಿದ್ದೇನೆ. ಉಸಿರು ಒಮ್ಮೆ ಹಾರಿತು. ಸ್ವಲ್ಪ ಮುಂದೆ ಮತ್ತೊಮ್ಮೆ. ಅಲ್ಲೊಂದು ಕಡೆ ಸಾಲಾಗಿ ಎರಡು. ಪ್ರತಿಯೊಂದೂ ನೆನಪಾಯಿತು ಅತ್ತೆ. ಇದು ಪಕ್ಕೆಲುಬಿಗೆ ಕೊಟ್ಟದ್ದು, ಇದು ಕೆಳಗೆ ಉರುಳಿದ್ದು ಎಂದು.

“ಈಗ ಈ ವಾರದ್ದು ಕೇಳಿ” ಎಂದರು.

ಈ ವಾರದ್ದು ನೆಟ್ಟಗೆ ಹೋಯಿತು. ಒಂದು ಪುಟ, ಇನ್ನೊಂದು ಪುಟ. ಎಷ್ಟು ಚೆಂದ ಓದುತ್ತಿದ್ದೇನೆ. ಎಲ್ಲೂ ಏನೂ ಇಲ್ಲ. ಖಾಲಿ ಮನೆಯಲ್ಲಿ ಯಾರೋ ಒಬ್ಬರೇ ಮಾತಾಡುತ್ತಿರುವ ಹಾಗೆ ಕೇಳಿಸಿತು.

“ಏನಂತೀರಿ?” ಎಂದರು ಕಿವಿಯಪ್ಪ.

“ಮುಂದೆ ಹಾಕಿ” ಎಂದೆ. ಹಾಕಿದರು. ಮುಂದೆಯೂ ಇಲ್ಲ. ಮನೆಗೆ ಹೋದ ಮೇಲಾದರೂ ಇದೆಯೇ ಎಂದು ಯೋಚಿಸಿದೆ. ಸಂಜೆ ಒಂದಿಷ್ಟು ಹೊರಳಿದ ಹಾಗೆ ಇರುತ್ತಿತ್ತು. ಅದನ್ನೇ ದೊಡ್ಡದು ಮಾಡಿಕೊಂಡು ಮಲಗುತ್ತಿದ್ದೆ. ಹಿಂದಿನ ದಿನ ಅದೂ ಇರಲಿಲ್ಲ. ಎಲ್ಲ ಗೊತ್ತಿತ್ತು ಅತ್ತೆ. ಹೋದರೆ ಮತ್ತೆ ನಗುತ್ತಾರೆ ಎಂಬುದಕ್ಕಿಂತ, ಮಗು ಕೇಳಿಸಿಕೊಳ್ಳುತ್ತಿದೆ ಎಂದುಕೊಳ್ಳುವುದು ಹಿತವಾಗಿತ್ತು.

ಹೆಡ್‌ಫೋನು ತೆಗೆದಿಟ್ಟು ಹೇಳಿದೆ, “ಅದು ನನ್ನ ಉಸಿರಲ್ಲ. ಮಗು ಒದೀತಿತ್ತು. ಈಗ ಒದೀತಿಲ್ಲ.”

ನನ್ನ ದನಿ ಆ ಕೋಣೆಯಲ್ಲಿ ಇಷ್ಟು ಗಟ್ಟಿಯಾಗಿ ಎಂದೂ ಬಂದಿರಲಿಲ್ಲ. ಕಿವಿಯಪ್ಪ ಒಂದು ಕ್ಷಣ ಯಂತ್ರದ ಕಡೆ ನೋಡಿದರು, ಆಮೇಲೆ ನನ್ನ ಕಡೆ. “ನಡೀರಿ” ಎಂದರು. ಅಷ್ಟೇ. ಅವರ ಕಾರಿನ ಸೀಟಿನ ತುಂಬ ತಂತಿ. ತೋಳಿನಿಂದ ಒತ್ತರಿಸಿ ಜಾಗ ಮಾಡಿದರು. ಅರ್ಧ ದಾರಿಗೆ ಬಂದ ಮೇಲೆ, “ಅವನ್ನೆಲ್ಲ ನಾನು ಕತ್ತರಿಸ್ತಾ ಕೂತಿದ್ದೆನಲ್ಲ” ಎಂದರು. ದಾರಿಯುದ್ದಕ್ಕೂ ಚೀಲದೊಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ನೀವೆಂದು ನನಗೇನು ಗೊತ್ತು.

ಮೇಜಿನ ಹಿಂದೆ ಅದೇ ನರ್ಸು. “ಮತ್ತೆ ಬಂದ್ರಾ?” ಅದೇ ಮಾತು, ಅದೇ ನಗು. ಈ ಸಲ ನಾನು ತಲೆ ತಗ್ಗಿಸಲಿಲ್ಲ, ತಗ್ಗಿಸುವಷ್ಟು ವ್ಯವಧಾನ ಇರಲಿಲ್ಲ. ಅದಕ್ಕೇ ಮುಂದಿನ ಮಾತೂ ಕೇಳಿಸಿತು. “ಬಂದ್ರಲ್ಲ, ಒಳ್ಳೇದಾಯ್ತು. ಆವತ್ತೂ ಅದನ್ನೇ ಹೇಳೋಣ ಅಂತಿದ್ದೆ, ನೀವು ಓಡೇ ಹೋದ್ರಿ. ಏನೂ ಇಲ್ದೆ ಹತ್ತು ಸಲ ಬನ್ನಿ ತಾಯಿ. ಹತ್ತು ಸಲವೂ ನಗ್ತೀನಿ. ಬರದೇ ಇರೋರ ಬಗ್ಗೆ ನಗೋಕಾಗಲ್ಲ.” ಹೇಳುತ್ತಲೇ ನನ್ನನ್ನು ಒಳಗೆ ಕರೆದುಕೊಂಡು ಹೋಗಿಯಾಗಿತ್ತು.

ಎದೆಬಡಿತ ಸಿಕ್ಕಿತು. ಆ ಸದ್ದು ಕೇಳಿದಾಗ ನಾನು ಅತ್ತುಬಿಟ್ಟೆನಂತೆ. ನನಗೆ ನೆನಪಿಲ್ಲ, ನರ್ಸು ಹೇಳಿದರು. ಆದರೆ ಹಿಂದಿನ ಎರಡು ಸಲದ ಹಾಗೆ ಎದ್ದು ಕುಣಿಯಲಿಲ್ಲ. ಸ್ಕ್ಯಾನ್ ಮಾಡಿದರು. ಗರ್ಭದ ಮಾಸಿನಿಂದ ಮಗುವಿಗೆ ಹೋಗಬೇಕಾದಷ್ಟು ಆಹಾರ, ಆಮ್ಲಜನಕ ಹೋಗುತ್ತಿಲ್ಲವಂತೆ. ಮಗು ಇರಬೇಕಾದ್ದಕ್ಕಿಂತ ಸಣ್ಣಗಿದೆ. ಸಿಗುವುದು ಕಡಿಮೆಯಾದಾಗ ಮಗು ಆಟ ಕಡಿಮೆ ಮಾಡಿ ಶಕ್ತಿ ಉಳಿಸಿಕೊಳ್ಳುತ್ತದಂತೆ. ಡಾಕ್ಟರು ಇದನ್ನು ಬಹಳ ಮೆತ್ತಗೆ ಹೇಳಿದರು.

ಅದು ಕೇಳಿಸಿಕೊಳ್ಳುತ್ತಿರಲಿಲ್ಲ ಅತ್ತೆ. ಉಳಿತಾಯ ಮಾಡುತ್ತಿತ್ತು. ನಾನು ಸೇತುವೆಗಳ ಬಗ್ಗೆ ಓದುತ್ತಿದ್ದೆ.

ಇವತ್ತೇ ಹೆರಿಗೆ ಮಾಡಿಸುವ ಅಗತ್ಯವಿಲ್ಲ ಎಂದಿದ್ದಾರೆ. ಮಗುವಿನ ಶ್ವಾಸಕೋಶಕ್ಕೆ ಬಲ ಬರಲೆಂದು ಇಂಜೆಕ್ಷನ್ ಕೊಟ್ಟಿದ್ದಾರೆ. ಇಲ್ಲಿ ಕೆಲವು ದಿನ ಇಟ್ಟುಕೊಂಡು ನೋಡುತ್ತಾರೆ. ಆಮೇಲೆ ವಾರಕ್ಕೆ ಎರಡು ಸಲ ಬಂದು ತೋರಿಸಬೇಕು. ನಡುವೆ ಯಾವಾಗ ಮಿಸುಕಾಟ ಕಡಿಮೆ ಅನ್ನಿಸಿದರೂ ಕಾಯದೆ ಬರಬೇಕು. ಈಗ ಇದನ್ನು ಬರೆಯುವಾಗ ಎಡಕ್ಕೆ ಒಂದು ಸಣ್ಣ ತಿವಿತ ಬಿತ್ತು. ಬಾಗಿಲು ತಟ್ಟಿ, ತೊಂದರೆ ಕೊಟ್ಟೆನೇನೋ ಎಂದು ಹಿಂದೆ ಸರಿದ ಹಾಗೆ. ನನ್ನದೇ ಮಗು, ಸಂಶಯವಿಲ್ಲ.

ಇನ್ನು ನಿಮ್ಮ ವಿಷಯ. ನಿನ್ನೆ ನಾನು ಆ ನಂಬರಿಗೆ ತಿರುಗಿ ಮಾಡಿದಾಗ ಯಾರೋ ಒಬ್ಬ ಹೆಂಗಸು “ಕಣ್ಣಿನ ವಾರ್ಡಿನಲ್ಲಿದ್ದೀವಿ, ನಿಮ್ಮ ಅತ್ತೆಗೆ ಕೊಡ್ತೀನಿ ಇರಿ” ಎಂದರು. ಹೊಸ ಬಸ್ಸುಗಳು ಬಂದಿವೆ ಎಂದಿರಿ. ಸಾಲುಗಳು ಕೆಳಗೆ ಜಾರಿದ್ದು ಅವಸರಕ್ಕಲ್ಲ. ನಿಮಗೆ ನನ್ನ ಮೇಲೆ ಬೇಸರವೆಂದು ನಾನು ಒಂದು ವಾರ ಗೌರವಾನ್ವಿತ ಅತ್ತೆ ಎಂದು ಬರೆಯಲು ಧೈರ್ಯ ಒಟ್ಟುಗೂಡಿಸುತ್ತಿದ್ದೆ. ಯಾಕೆ ಹೇಳಲಿಲ್ಲ?

ಪಿಸುಮಾತು


ಮಾರ್ಚ್ 22

ನನ್ನ ಬಂಗಾರ,

ನನ್ನದೇ ಕೈಬರಹ, ನೋಡಿಕೋ. ಅಕ್ಷರ ಆನೆ ಗಾತ್ರ ಇದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಕೆಲಸ.

ಯಾಕೆ ಹೇಳಲಿಲ್ಲ ಅಂತೀಯ. ನೀನು ಯಾಕೆ ಹೇಳಲಿಲ್ಲವೋ ಅದಕ್ಕೇ. ಫೆಬ್ರವರಿ ಕೊನೇಲಿ ಒಂದು ದಿನ ಸೂಜಿಗೆ ದಾರ ಪೋಣಿಸ್ತಿದ್ದೆ, ಒಂದು ಪಕ್ಕಕ್ಕೆ ಪರದೆ ಇಳಿದ ಹಾಗೆ ಆಯ್ತು. ಕಣ್ಣಿನ ಹಿಂದೆ ಏನೋ ಬಿಟ್ಟುಕೊಂಡಿದೆ, ಆಪರೇಷನ್ ಆಗಬೇಕು ಅಂದ್ರು. ಬಸುರಿಗೆ ಇದನ್ನ ಬರೆದ್ರೆ ಅವಳು ಅಲ್ಲಿ ಕೂತು ನನ್ನ ಕಣ್ಣಿಗೆ ಹೆದರ್ತಾಳೆ ಅಂತ ಬಸ್ಸಿನ ಕಥೆ ಕಟ್ಟಿದೆ. ನೀನು ಕ್ಷೇಮದ ಕಥೆ ಕಟ್ಟಿದೆ. ಅತ್ತೆಗೆ ತಕ್ಕ ಸೊಸೆ. ಟೀಚರಮ್ಮ ಎರಡೂ ಕಥೆ ಕೇಳಿ, “ನಿಮ್ಮಿಬ್ಬರಿಗೂ ಸೇರಿಸಿ ಒಂದು ಸೊನ್ನೆ” ಅಂದ್ರು.

ಎಲ್ಲಕ್ಕಿಂತ ನನ್ನನ್ನ ಕೊರೆಯೋದು ಆ ಅರ್ಧ ಕಥೆ. ನಗಿಸೋಕೆ ಹೋದೆ. ನೀನು ಅದನ್ನ ಹಿಡಿದುಕೊಂಡು ಕೂತೆ. ನನ್ನ ಕೂಸಿನ ಕಥೆ ನಿನ್ನ ಕೂಸಿಗೆ ಅಳತೆ ಆಗಲ್ಲ ಮಗಳೇ. ಒಬ್ಬರ ಅಳತೆಗೆ ಕತ್ತರಿಸಿದ ಬಟ್ಟೆ ಇನ್ನೊಬ್ಬರಿಗೆ ಹಾಕಿದ್ರೆ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಆದರೂ ಮರೆತೆ.

ಇನ್ನೊಂದು. ಮೊದಲ ಕಾಗದದಲ್ಲಿ ನೀನು ಕೇಳಿದ್ದೆ, ಹೋಗಲಾ, ಕಾಯಲಾ ಅಂತ. ನಾನು ಉತ್ತರ ಬರೆದು, ಅದು ನಿನ್ನ ಕೈ ಸೇರೋಕೆ ಎಷ್ಟು ದಿನ ಆಯ್ತು ನೋಡು. ಅಂಥ ಪ್ರಶ್ನೆನ ಅಂಚೆ ಡಬ್ಬಿಗೆ ಹಾಕಬೇಡ. ನನಗೆ ಏನು ಬೇಕಾದ್ರೂ ಬರಿ, ಅದೊಂದು ಮಾತ್ರ ಕೇಳಬೇಡ.

ಮುಂದಿನ ವಾರ ಪಟ್ಟಿ ತೆಗೀತಾರಂತೆ. ಡಾಕ್ಟರು ಹೂಂ ಅಂದ ಮಾರನೇ ದಿನ ಬಸ್ ಹತ್ತುತೀನಿ. ನಾನೇ ಹೊಲಿದ ಸೀಟಲ್ಲಿ ಕೂತು ಬರ್ತೀನಿ, ಎಷ್ಟು ಗಟ್ಟಿ ಇದೆ ಅಂತ ನೋಡೋಣ. ಹಡಗಿನವನಿಗೂ ಬೈದು ಬರೆಸಿದೀನಿ. ರಜ ಕೇಳಿದಾನಂತೆ.

ಅತ್ತೆ


ಏಪ್ರಿಲ್ 2

ಪ್ರೀತಿಯ ಅತ್ತೆ,

ಇದು ನಿಮ್ಮ ಊರು ಸೇರುವ ಹೊತ್ತಿಗೆ ನೀವು ಬಸ್ಸಿನಲ್ಲೇ ಇರುತ್ತೀರೇನೋ. ಆದರೂ ಬರೆಯುತ್ತೇನೆ, ಅಭ್ಯಾಸ ಆಗಿಬಿಟ್ಟಿದೆ.

ಸೇತುವೆಗಳ ಪುಸ್ತಕ ಮುಗಿಯಿತು. ಡಾಕ್ಟರು ನನಗೆ ಮನೆಯಲ್ಲೇ ಇರಲು ಹೇಳಿದ್ದರಿಂದ ಕಿವಿಯಪ್ಪ ಮೈಕು, ತಂತಿ ಎಲ್ಲ ಹೊತ್ತು ಇಲ್ಲಿಗೇ ಬಂದರು. ಹೊರಗಿನ ಸದ್ದು ಬರಬಾರದೆಂದು ನಿಮ್ಮ ಮಂಚದ ಹಾಸಿಗೆಯನ್ನು ಕಿಟಕಿಗೆ ಆನಿಸಿ ನಿಲ್ಲಿಸಿದರು. ಕೊನೆಯ ಅಧ್ಯಾಯದಲ್ಲಿ ನನ್ನ ಉಸಿರು ಕೆಲವು ಕಡೆ ಎಡವಿತು. ಹಿಂದಿನಷ್ಟು ಜೋರಾಗಿ ಅಲ್ಲ, ಆದರೂ ಎಡವಿತು. ಎಡವಿದಾಗಲೆಲ್ಲ ಅವರು ಯಂತ್ರದಿಂದ ತಲೆಯೆತ್ತಿ ನನ್ನ ಕಡೆ ನೋಡಿ ಮತ್ತೆ ತಗ್ಗಿಸುತ್ತಿದ್ದರು.

“ಕತ್ತರಿಸೋದಾ?” ಎಂದು ಕೇಳಿದರು.

“ಬಿಡಿ” ಎಂದೆ. “ಕೇಳೋರು ಏನಂದ್ಕೋತಾರೆ?” ಎಂದು ಆಮೇಲೆ ನಾನೇ ಅಂಜಿದೆ.

“ಸೇತುವೆ ಮೇಲೆ ಗಾಳಿ ಅಂದ್ಕೋತಾರೆ” ಎಂದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಹೋಗುವಾಗ ಪುಟ್ಟ ಪೊಟ್ಟಣದಲ್ಲಿ ಒಂದು ಪೆನ್‌ಡ್ರೈವ್ ಕೊಟ್ಟರು. ಫೆಬ್ರವರಿಯಲ್ಲಿ ಕತ್ತರಿಸಿದ್ದನ್ನೆಲ್ಲ ಹುಡುಕಿ, ಒಂದರ ಪಕ್ಕ ಒಂದು ಜೋಡಿಸಿದ್ದಾರೆ. ಮಾತಿಲ್ಲ, ಸೇತುವೆಯಿಲ್ಲ, ಬರೀ ನನ್ನ ಉಸಿರು ಹಾರಿದ ಸದ್ದು, ಒಂದಾದ ಮೇಲೊಂದು. ಗೊತ್ತಿಲ್ಲದವರು ಕೇಳಿದರೆ ಬಿಕ್ಕಳಿಕೆ ಎಂದುಕೊಳ್ಳುತ್ತಾರೆ. ನೀವು ಬಂದ ಮೇಲೆ ಕೇಳಿಸುತ್ತೇನೆ.

ಮೊನ್ನೆಯ ತಪಾಸಣೆಯಲ್ಲಿ ಎಲ್ಲ ಸರಿಯಿತ್ತು. ಮಗು ಸ್ವಲ್ಪ ತೂಕ ಕಟ್ಟಿದೆ. ಇನ್ನೆರಡು ವಾರ ನೋಡಿ ಹೆರಿಗೆ ಮಾಡಿಸುತ್ತಾರಂತೆ. ನರ್ಸು ಈಗ ನನ್ನನ್ನು ನೋಡಿದರೆ ಕುರ್ಚಿ ಎಳೆದು ಹಾಕುತ್ತಾರೆ.

ಇವತ್ತು ಬೆಳಿಗ್ಗೆ ಹಸಿರು ಅಂಗಿ ಹಾಕಿಕೊಂಡು ಅದೇ ಕುರ್ಚಿಯಲ್ಲಿ ಕೂತೆ. ಚಹಾ ಆರಿತು. ಕುಡಿದೂ ಆಯಿತು. ಬಟ್ಟೆ ಮಡಿಸಿದೆ, ನಿಮ್ಮ ಹಾಸಿಗೆಯನ್ನು ಮತ್ತೆ ಮಂಚಕ್ಕೆ ಹಾಕಲು ನೋಡಿ ಆಗದೆ ಬಿಟ್ಟೆ. ಇಷ್ಟು ಹೊತ್ತಿಗೆ ದಿನಾ ಎರಡು ಮೂರು ಸಲ ಬಾಗಿಲು ತಟ್ಟುವುದು ವಾಡಿಕೆ. ಇವತ್ತು ತಟ್ಟಿಲ್ಲ. ಎಡಮಗ್ಗುಲಿಗೆ ಮಲಗಿ ಗುಂಡಿಯನ್ನೇ ನೋಡಿದೆ. ಮಲಗಿರಬಹುದು. ನಿನ್ನೆ ಬಹಳ ಕುಣಿದು ದಣಿದಿರಬಹುದು. ಇಂಥ ಕಾರಣಗಳನ್ನು ನಾನು ಎಷ್ಟು ಚೆಂದವಾಗಿ ಜೋಡಿಸಬಲ್ಲೆ ಎಂದು ಈಗ ನನಗೆ ಗೊತ್ತು. ಸಾಹಿತ್ಯ ಓದಿದ್ದು ಸುಮ್ಮನೆ ಹೋಗಲಿಲ್ಲ.

ಕಾಗದ ಬರೆಯಲು ಕೂತದ್ದು ಕಾಯುವುದಕ್ಕಲ್ಲ ಅತ್ತೆ. ಕಾರಿಗೆ ಹೇಳಿಯಾಗಿದೆ, ಅದು ಬರುವ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ಚೀಲ ಬಾಗಿಲ ಬಳಿ ಇದೆ. ಮನೆಯ ಇನ್ನೊಂದು ಕೀಲಿ ಪಕ್ಕದ ಮನೆಯವರ ಹತ್ತಿರ ಇದೆ, ಅಕಸ್ಮಾತ್ ನಾನು ಬರುವ ಮೊದಲು ನೀವು ಬಂದರೆ.

ಈಗ, ಹಿಂದಿನ ಸಾಲು ಬರೆಯುವಾಗ, ಗುಂಡಿ ಅಲುಗಿತು. ಒಂದೇ ಸಲ, ಮೆಲ್ಲಗೆ. ಕಣ್ಣಾರೆ ಕಂಡೆ.

ಕೆಳಗೆ ಕಾರು ಬಂದು ನಿಂತ ಸದ್ದಾಯಿತು. ನಾನು ಹೊರಟೆ. ಈ ಕಾಗದದಲ್ಲಿ ನಿಮಗೆ ಪ್ರಶ್ನೆ ಯಾವುದೂ ಇಲ್ಲ.

ನಿಮ್ಮ ಸೊಸೆ